ಇಗ್ಲೂ ಬೇಡ ಸ್ವಾಮಿ, ಮೊದಲು ಊರು ನೋಡಿ

ನಮ್ಮ ಪೂರ್ವ ಬೆಂಗಳೂರಿನ ಜನಕ್ಕೆ ಇತ್ತೀಚೆಗೆ ಒಂದು ಹೊಸ ಗೀಳು ಹತ್ತಿದೆ. ಮೊದಲೆಲ್ಲ ರಜೆ ಬಂತು ಅಂದ್ರೆ ಊಟಿ, ಮುನ್ನಾರ್. ಆಮೇಲೆ ಸಿಂಗಪುರ, ದುಬೈ. ಆಮೇಲೆ ಸ್ವಿಟ್ಜರ್‌ಲೆಂಡ್. ಈಗ ಆರ್ಕ್ಟಿಕ್! ಅದೂ ನಡು ಚಳಿಗಾಲದಲ್ಲಿ! ಬೆಂಗಳೂರಿನ ದಾಖಲೆಯ ಚಳಿ ಎಷ್ಟು ಗೊತ್ತಾ? 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹದಿನೈದು ಡಿಗ್ರಿಗೇ ಮಂಕಿ ಕ್ಯಾಪ್ ಹಾಕಿಕೊಂಡು ಹಲಸೂರು ಕೆರೆ ಸುತ್ತುವ ನಾವು ಮೈನಸ್ ಇಪ್ಪತ್ತಕ್ಕೆ ಹೊರಟಿದ್ದೇವೆ. ಹೋಗಲಿ ಬಿಡಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆಕಾಶದಲ್ಲಿ ಹಸಿರು ಬೆಳಕು ಕುಣಿಯುವುದನ್ನು ನೋಡೋ ಆಸೆ ಯಾರಿಗಿರಲ್ಲ ಹೇಳಿ?

ನನ್ನ ತಕರಾರು ಇರುವುದು ಇವರು ಕೇಳುವ ಮೊದಲ ಪ್ರಶ್ನೆಯ ಬಗ್ಗೆ. ಯಾವ ತಿಂಗಳು ಹೋಗಬೇಕು ಅಂತ ಕೇಳಲ್ಲ. ಯಾವ ಊರು ಅಂತ ಕೇಳಲ್ಲ. "ಯಾವ ಗ್ಲಾಸ್ ಇಗ್ಲೂ ಬುಕ್ ಮಾಡೋಣ?" ಅಂತಲೇ ಶುರು! ಹೆಣ್ಣು ನೋಡುವ ಮೊದಲೇ ಛತ್ರ ಬುಕ್ ಮಾಡಿದ ಹಾಗೆ.

ಗೊತ್ತಿಲ್ಲದವರಿಗೆ ಒಂದು ಮಾತು. ಗಾಜಿನ ಇಗ್ಲೂ ಅಂದ್ರೆ ಫಿನ್ಲೆಂಡಿನ ಲ್ಯಾಪ್‌ಲೆಂಡಿನಲ್ಲಿ ಶುರುವಾಗಿ ಈಗ ಅಕ್ಕಪಕ್ಕದ ದೇಶಗಳಿಗೂ ಹಬ್ಬಿರುವ ಒಂದು ಕೋಣೆ. ಮೇಲ್ಛಾವಣಿ ಗಾಜಿನದು, ಮಂಜು ಕಟ್ಟದಂತೆ ಗಾಜನ್ನು ಬಿಸಿ ಮಾಡಿರುತ್ತಾರೆ. ಹಾಸಿಗೆಯಲ್ಲಿ ಮಲಗಿಕೊಂಡೇ ಅರೋರಾ ನೋಡಬಹುದು ಅನ್ನೋದು ಇದರ ಆಮಿಷ. ಡಿಸೆಂಬರ್ ಕೊನೆಯ ವಾರದಲ್ಲಿ ಒಂದು ರಾತ್ರಿಗೆ ಅರ್ಧ ಲಕ್ಷಕ್ಕೂ ಹೆಚ್ಚು ಕೇಳುವವು ಸಾಮಾನ್ಯ. ಇಬ್ಬರು ಮಕ್ಕಳಿದ್ದರೆ ಎರಡು ಇಗ್ಲೂ. ಅಂದ್ರೆ ಲಕ್ಷ. ಒಂದು ರಾತ್ರಿಗೆ!

ಮೊದಲು ಆ ಹೆಸರನ್ನೇ ನೋಡಿ. ಇಗ್ಲೂ ಅನ್ನೋದು ಕೆನಡಾ, ಗ್ರೀನ್‌ಲೆಂಡ್ ಕಡೆಯ ಇನ್ಯುಯಿಟ್ ಜನರ ಮಾತು. ಅವರ ಭಾಷೆಯಲ್ಲಿ ಅದಕ್ಕೆ ಮನೆ ಅಂತಲೇ ಅರ್ಥ. ಲ್ಯಾಪ್‌ಲೆಂಡಿನ ಮೂಲನಿವಾಸಿಗಳು ಸಾಮಿ ಜನ. ಅವರು ಯಾವತ್ತೂ ಇಗ್ಲೂ ಕಟ್ಟಿದವರಲ್ಲ. ಹಿಮಸಾರಂಗ ಮೇಯಿಸುತ್ತಾ ಅಲೆಯುವಾಗ ಕೋಲು ನೆಟ್ಟು ಹೊದಿಕೆ ಹೊದಿಸಿದ 'ಲಾವು' ಅನ್ನೋ ಗುಡಾರ ಹಾಕುತ್ತಿದ್ದರು. ಸಾಮಿಗಳ ನೆಲದಲ್ಲಿ ಗಾಜಿನ ಇಗ್ಲೂ ಇಡೋದು ಅಂದ್ರೆ, ಹಲಸೂರು ಕೆರೆ ದಡದಲ್ಲಿ ರಾಜಸ್ಥಾನದ ಹವೇಲಿ ಕಟ್ಟಿ "ಅಪ್ಪಟ ಕರ್ನಾಟಕದ ಅನುಭವ" ಅಂತ ಬೋರ್ಡು ಹಾಕಿದ ಹಾಗೆ. ನಾವಾದ್ರೆ ಎಷ್ಟು ಕೂಗಾಡ್ತಿದ್ವಿ! ಅವರ ನೆಲದಲ್ಲಿ ಮಾತ್ರ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತೇವೆ.

ಹೆಸರಿನ ಜಗಳ ಬಿಡಿ, ಕೆಲಸದ ಮಾತಿಗೆ ಬರೋಣ. ಗಾಜಿನ ಛಾವಣಿಯ ಮೇಲೆ ಏನಿರುತ್ತೆ? ಆಕಾಶ ಅಂತೀರಿ. ಅಲ್ಲ, ಬಹಳಷ್ಟು ರಾತ್ರಿ ಇರೋದು ಮೋಡ. ಅರೋರಾ ಹುಟ್ಟೋದು ನೆಲದಿಂದ ನೂರು ಕಿಲೋಮೀಟರ್ ಮೇಲೆ, ಇನ್ನೂ ಮೇಲೆ. ಮೋಡ ಇರೋದು ಕೆಲವೇ ಕಿಲೋಮೀಟರ್ ಎತ್ತರದಲ್ಲಿ. ಮೇಲೆ ದೇವಲೋಕದ ನರ್ತನವೇ ನಡೀತಿದ್ರೂ ನಡುವೆ ಮೋಡದ ಪರದೆ ಬಿದ್ದರೆ ನಿಮಗೆ ಕಾಣೋದು ಬೂದು ಬಣ್ಣ ಅಷ್ಟೇ. ಲ್ಯಾಪ್‌ಲೆಂಡಿನಲ್ಲಿ ನವೆಂಬರ್, ಡಿಸೆಂಬರ್ ತಿಂಗಳುಗಳು ಮೋಡಕ್ಕೇ ಹೆಸರಾದವು. ಫೆಬ್ರವರಿ, ಮಾರ್ಚಿನಲ್ಲಿ ಆಕಾಶ ಹೆಚ್ಚು ತಿಳಿಯಾಗಿರುತ್ತೆ. ಸಾಲದ್ದಕ್ಕೆ ಹಗಲು ಇರುಳು ಸಮ ಆಗುವ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಭೂಮಿಯ ಕಾಂತಕ್ಷೇತ್ರದ ಗಲಾಟೆ ಜಾಸ್ತಿ, ಆದ್ದರಿಂದ ಅರೋರಾ ಕಾಣುವ ಸಂಭವವೂ ಜಾಸ್ತಿ. ಇದು ಖಗೋಳದವರು ಬಹಳ ಕಾಲದಿಂದ ಹೇಳಿಕೊಂಡು ಬಂದಿರುವ ಮಾತು.

ನಾವು ಯಾವಾಗ ಹೋಗ್ತೀವಿ? ಕಂಟೋನ್ಮೆಂಟಿನ ಕಾನ್ವೆಂಟ್ ಸ್ಕೂಲುಗಳಿಗೆ ಕ್ರಿಸ್ಮಸ್ ರಜೆ ಕೊಟ್ಟಾಗ. ಅಂದ್ರೆ ಮೋಡ ಹೆಚ್ಚು, ಬೆಲೆ ಹೆಚ್ಚು, ಜನ ಹೆಚ್ಚು ಇರುವ ಹತ್ತು ದಿನವನ್ನೇ ಹುಡುಕಿಕೊಂಡು ಹೋಗಿ, ಅದರಲ್ಲಿ ಒಂದೇ ಒಂದು ರಾತ್ರಿಯನ್ನು ಗಾಜಿನ ಕೆಳಗೆ ಮಲಗಿ ಕಳೆದು, "ಏನೂ ಕಾಣ್ಲಿಲ್ಲ ಕಣ್ರೀ, ನಮ್ ಅದೃಷ್ಟ" ಅಂತ ವಾಪಸ್ ಬರ್ತೀವಿ. ಅದೃಷ್ಟ ಅಲ್ಲ ಸ್ವಾಮಿ, ಲೆಕ್ಕ!

ಲೆಕ್ಕ ಅಂದೆನಲ್ಲ, ಮಾಡಿಯೇ ಬಿಡೋಣ. ಒಂದು ರಾತ್ರಿ ಅರೋರಾ ಕಾಣುವ ಸಂಭವ ಮೂರರಲ್ಲಿ ಒಂದು ಅಂತ ಸುಮ್ಮನೆ ಇಟ್ಟುಕೊಳ್ಳಿ. ಒಂದೇ ರಾತ್ರಿ ಇದ್ದರೆ ನೂರಕ್ಕೆ 33. ನಾಲ್ಕು ರಾತ್ರಿ ಇದ್ದರೆ? ನಾಲ್ಕೂ ರಾತ್ರಿ ಕೈಕೊಡುವ ಸಂಭವ 81ರಲ್ಲಿ 16, ಅಂದ್ರೆ ಒಂದು ರಾತ್ರಿಯಾದರೂ ಕಾಣುವ ಸಂಭವ ನೂರಕ್ಕೆ 80. ಮೋಡ ಒಮ್ಮೆ ಕವಿದರೆ ಎರಡು ಮೂರು ದಿನ ಬಿಡದೆ ಇರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಮ್ಮಿಯೇ ಇದ್ದೀತು. ಆದ್ರೂ ಒಂದು ರಾತ್ರಿಗೂ ನಾಲ್ಕು ರಾತ್ರಿಗೂ ಇರುವ ವ್ಯತ್ಯಾಸ ದೊಡ್ಡದು. ಒಂದು ರಾತ್ರಿಯ ಗಾಜಿನ ದುಡ್ಡಿನಲ್ಲಿ ಹೆಂಚಿನದೋ ತಗಡಿನದೋ ಛಾವಣಿ ಇರುವ ಸಾದಾ ಕೋಣೆಯಲ್ಲಿ ಮೂರ್ನಾಲ್ಕು ರಾತ್ರಿ ಕಳೆಯಬಹುದು. ಅಲ್ಲಿಂದ ಆಕಾಶ ನೋಡೋದು ಹೇಗೆ ಅಂತೀರಾ? ಬಾಗಿಲು ತೆಗೆದು ಹೊರಗೆ ಬಂದು ತಲೆ ಎತ್ತಬೇಕು ಅಷ್ಟೇ :) ಆ ದೇಶಗಳಲ್ಲಿ ಕಾಡು, ಹಿಮದ ಬಯಲುಗಳಲ್ಲಿ ಯಾರು ಬೇಕಾದರೂ ಓಡಾಡಬಹುದು ಅನ್ನೋ ಹಕ್ಕೇ ಇದೆ. ಆಕಾಶಕ್ಕೆ ಟಿಕೆಟ್ ಇಲ್ಲ.

ಹಾಗಾಗಿ ನನ್ನ ವಾದ ಇಷ್ಟು: ಮೊದಲು ತಿಂಗಳು, ಆಮೇಲೆ ಊರು, ಆಮೇಲೆ ಎಷ್ಟು ರಾತ್ರಿ, ಕೊನೆಗೆ ಮನೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ.

ಊರಿನ ಮಾತಿಗೆ ಬಂದರೆ, ಆರ್ಕ್ಟಿಕ್ ಅಂದ್ರೆ ಎಲ್ಲಾ ಒಂದೇ ಅಂದುಕೊಂಡವರೇ ಜಾಸ್ತಿ. ಶಿವಾಜಿನಗರಕ್ಕೂ ಕೆ.ಆರ್.ಪುರಂಗೂ ಇರುವಷ್ಟಲ್ಲ, ಮಂಗಳೂರಿಗೂ ಬಳ್ಳಾರಿಗೂ ಇರುವಷ್ಟು ವ್ಯತ್ಯಾಸ ಇದೆ. ರೋವಾನಿಯೆಮಿ ಇರೋದು ಆರ್ಕ್ಟಿಕ್ ವೃತ್ತದ ಗೆರೆಯ ಹತ್ತಿರ. ಅಲ್ಲಿ ಡಿಸೆಂಬರ್ 21ಕ್ಕೂ ಸೂರ್ಯ ಎರಡು ಗಂಟೆಗೆ ಸ್ವಲ್ಪ ಹೆಚ್ಚು ಕಾಲ ಮುಖ ತೋರಿಸ್ತಾನೆ. ಧ್ರುವರಾತ್ರಿ ನೋಡಬೇಕು ಅಂತ ಅಲ್ಲಿಗೆ ಹೋದವರಿಗೆ ಸಿಗೋದು ಸಾಂತಾಕ್ಲಾಸ್. ನಾರ್ವೆಯ ಟ್ರೊಮ್ಸೋ ಇನ್ನೂ ಉತ್ತರಕ್ಕಿದೆ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟೋದೇ ಇಲ್ಲ. ಆದ್ರೆ ಅಟ್ಲಾಂಟಿಕ್ಕಿನ ಬಿಸಿ ಪ್ರವಾಹದ ದೆಸೆಯಿಂದ ಅಲ್ಲಿನ ಸಮುದ್ರ ಹೆಪ್ಪುಗಟ್ಟಲ್ಲ, ಚಳಿಯೂ ರೋವಾನಿಯೆಮಿಗಿಂತ ಕಮ್ಮಿ. ಉತ್ತರಕ್ಕೆ ಹೋದಷ್ಟೂ ಚಳಿ ಜಾಸ್ತಿ ಅನ್ನೋ ನಮ್ಮ ಲೆಕ್ಕ ಅಲ್ಲಿ ನಡೆಯಲ್ಲ. ಸಮುದ್ರದ ಪಕ್ಕ ಅಂದ ಮೇಲೆ ಮೋಡ ಮಾತ್ರ ಧಾರಾಳ.

ಸ್ವೀಡನ್ನಿನ ಅಬಿಸ್ಕೋ ಅನ್ನೋ ಪುಟ್ಟ ಹಳ್ಳಿಯ ಕತೆ ಬೇರೆ. ನಾರ್ವೆ ಕಡೆಯ ಬೆಟ್ಟಗಳು ಅದಕ್ಕೆ ಮಳೆಯ ನೆರಳು. ಸಮುದ್ರದಿಂದ ಬರುವ ಮೋಡ ಬೆಟ್ಟದ ಆಚೆಯೇ ಸುರಿದು ಖಾಲಿಯಾಗುತ್ತೆ. ನಮ್ಮ ಆಗುಂಬೆ ತೊಯ್ದು ತೊಪ್ಪೆಯಾಗುವಾಗ ಚಿತ್ರದುರ್ಗ ಒಣಗಿರುತ್ತಲ್ಲ, ಹಾಗೆ. ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ-ಹಿಮ, ಸ್ವೀಡನ್ನಿನ ತೀರಾ ಒಣ ಜಾಗಗಳಲ್ಲಿ ಒಂದು. ಅಲ್ಲಿ ಗಾಜಿನ ಅರಮನೆಗಳಿಲ್ಲ. ಅಡುಗೆಮನೆ ಇರುವ ಹಾಸ್ಟೆಲ್ ಇದೆ, ಕಿರುನಾ-ನಾರ್ವಿಕ್ ರೈಲು ನಿಲ್ಲುತ್ತೆ. ಬೆಳಕು ನೋಡೋದೇ ಗುರಿ ಆದ್ರೆ ಇದು ಜಾಗ. ಮಕ್ಕಳಿಗೆ ಸಾಂತಾ ತೋರಿಸೋದೇ ಗುರಿ ಆದ್ರೆ ರೋವಾನಿಯೆಮಿ ಸರಿ. ಯಾಕೆ ಹೋಗ್ತಿದ್ದೀವಿ ಅನ್ನೋದನ್ನ ಮನೆಯಲ್ಲಿ ಕೂತು ಮೊದಲು ತೀರ್ಮಾನ ಮಾಡಿ ಅಷ್ಟೇ.

ಪಕ್ಕದ ಕಿರುನಾದಲ್ಲಿ ಉಳಿಯುವವರಿಗೆ ಇನ್ನೊಂದು ಮಾತು. ಕೆಳಗಿನ ಕಬ್ಬಿಣದ ಗಣಿಯಿಂದ ನೆಲ ಬಿರುಕು ಬಿಡ್ತಿದೆ ಅಂತ ಇಡೀ ಊರನ್ನೇ ಸರಿಸ್ತಿದ್ದಾರೆ. ಮೂರು ಕಿಲೋಮೀಟರ್ ಪೂರ್ವಕ್ಕೆ ಕಟ್ಟಿದ ಹೊಸ ಪೇಟೆ 2022ರಲ್ಲಿ ಉದ್ಘಾಟನೆಯಾಯಿತು. 2025ರ ಆಗಸ್ಟಿನಲ್ಲಿ 672 ಟನ್ ತೂಕದ ಮರದ ಚರ್ಚನ್ನೇ ಗಾಲಿಗಳ ಮೇಲಿಟ್ಟು ಎರಡು ದಿನದಲ್ಲಿ ಐದು ಕಿಲೋಮೀಟರ್ ಸಾಗಿಸಿದರು! ಹಳೆಯ ನಕ್ಷೆ ನೋಡಿ "ಊರ ಮಧ್ಯೆ" ಅಂತ ಹೋಟೆಲ್ ಬುಕ್ ಮಾಡಿದರೆ ಊರೇ ಅಲ್ಲಿರಲ್ಲ.

ಇನ್ನು ಕೆಲವರಿಗೆ ಸ್ವಾಲ್ಬಾರ್ಡ್ ಆಸೆ. ಅದು 78 ಡಿಗ್ರಿ ಉತ್ತರ. ಅಲ್ಲಿಗೆ ವೀಸಾ ಬೇಡ ಅನ್ನೋದು ನಿಜ, ಆದ್ರೆ ಹೋಗೋದು ನಾರ್ವೆ ಮೇಲಿಂದಲೇ. ಸ್ವಾಲ್ಬಾರ್ಡ್ ಷೆಂಗೆನ್ ಹೊರಗಿರುವ ಕಾರಣ ನಮ್ಮಂಥವರಿಗೆ ಎರಡು ಸಲ ಪ್ರವೇಶದ ಷೆಂಗೆನ್ ವೀಸಾ ಬೇಕು. ಒಂದೇ ಪ್ರವೇಶದ ವೀಸಾ ಹಿಡಿದು ಹೋದರೆ ವಾಪಸ್ ಬರೋದು ಹೇಗೆ?

ಸ್ವಾಲ್ಬಾರ್ಡಿನಲ್ಲಿ ನಮ್ಮದೇ ಒಂದು ಮನೆ ಇದೆ. ನ್ಯೂ-ಒಲೆಸುಂಡ್ ಅನ್ನೋ ಜಾಗದಲ್ಲಿ 2008ರ ಜುಲೈ 1ರಂದು ಶುರುವಾದ ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರ. 2023ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಚಳಿಗಾಲದಲ್ಲೂ ಅಲ್ಲಿ ಉಳಿಯಲು ಹೋದ ತಂಡದಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಯಾಕೆ ಅಲ್ಲಿ? ಖಗೋಳ ಅಧ್ಯಯನಕ್ಕೆ ಬೇಕಾದ ರೇಡಿಯೋ ಮೌನ ಅಲ್ಲಿ ಎಷ್ಟಿದೆ ಅಂತ ಅಳೆಯೋಕೆ. ಆ ಊರಲ್ಲಿ ವೈಫೈ, ಬ್ಲೂಟೂತ್ ಬಳಸುವಂತಿಲ್ಲ. ಕೆಲಸ ಏನು ಅಂತ ಮೊದಲು ಗೊತ್ತಿದ್ದವರು ಜಾಗ ಆರಿಸೋದು ಹೀಗೆ. ಹಾಸಿಗೆಯ ಮೇಲಿನ ಗಾಜು ನೋಡಿ ಅಲ್ಲ.

ವೀಸಾ ಮಾತು ಬಂತಲ್ಲ, ಉಳಿಯುವ ಜಾಗಕ್ಕೂ ಅದಕ್ಕೂ ಗಂಟು ಇದೆ. ಅರ್ಜಿಯ ಜೊತೆ ಎಲ್ಲಿ ಉಳೀತೀರಿ ಅನ್ನೋದಕ್ಕೆ ದಾಖಲೆ ಕೊಡಬೇಕು. ಯಾವ ದೇಶದಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಸಮ ಸಮ ಆದ್ರೆ ಮೊದಲು ಕಾಲಿಡುವ ದೇಶಕ್ಕೆ. ಒಂದು ರಾತ್ರಿ ಇಗ್ಲೂ ಆಸೆಗೆ ಫಿನ್ಲೆಂಡಿಗೆ ಅರ್ಜಿ ಹಾಕಿ ಐದು ರಾತ್ರಿ ನಾರ್ವೆಯಲ್ಲಿ ಇರ್ತೀನಿ ಅಂದ್ರೆ ಪ್ರಶ್ನೆ ಬರುತ್ತೆ. ಅದಕ್ಕಿಂತ ಮುಖ್ಯ, ದುಡ್ಡು ವಾಪಸ್ ಬರುವಂಥ ಬುಕಿಂಗನ್ನೇ ಮಾಡಿ. ಆರು ತಿಂಗಳ ಮುಂಚೆ ಪೂರ್ತಿ ದುಡ್ಡು ಕಟ್ಟಿಸಿಕೊಂಡು, ರದ್ದು ಮಾಡಿದರೆ ನಯಾಪೈಸೆ ಕೊಡದ ಜಾಗಗಳು ಇವೆ. ವೀಸಾ ತಿರಸ್ಕಾರ ಆದ್ರೆ ವೀಸಾ ಶುಲ್ಕದ 90 ಯೂರೋ ಜೊತೆಗೆ ಗಾಜೂ ಚೂರು!

ಈಗ ಹೇಳೋ ಮಾತು ಸ್ವಲ್ಪ ಖಾರ ಅನ್ನಿಸಬಹುದು. ಇಗ್ಲೂ ಬೇಡ ಅಂದವರು ಏನು ಮಾಡ್ತಾರೆ? "ನಾವು ಸಸ್ಯಾಹಾರಿಗಳು, ಅಡುಗೆಮನೆ ಬೇಕು" ಅಂತ ಊರೊಳಗೆ ಯಾರದ್ದೋ ಫ್ಲಾಟನ್ನು ಏರ್‌ಬಿಎನ್‌ಬಿಯಲ್ಲಿ ಇಡಿಯಾಗಿ ಹಿಡೀತಾರೆ. ನೋಡೋಕೆ ಸರಳ, ಸಜ್ಜನಿಕೆಯ ದಾರಿ. ಆದ್ರೆ ಆ ಫ್ಲಾಟಿನಲ್ಲಿ ಮೊದಲು ಯಾರಿದ್ರು?

ಇದನ್ನ ಬೇರೆಯವರು ಕೇಳದಿದ್ರೂ ಇಂದಿರಾನಗರದವರು ಕೇಳಬೇಕು ಕಣ್ರೀ. ನಿವೃತ್ತಿ ಆದ ಮೇಲೆ ನೆಮ್ಮದಿಯಾಗಿ ಇರೋಣ ಅಂತ ಸೈಟು ತಗೊಂಡು ಮನೆ ಕಟ್ಟಿದವರ ಪಕ್ಕದಲ್ಲೇ ಏನೆಲ್ಲ ಬಂತು? ನೂರಡಿ ರಸ್ತೆ ಹೋಯ್ತು, ಆಮೇಲೆ 12ನೇ ಮೇನ್ ಹೋಯ್ತು, ಆಮೇಲೆ ಒಳಗಿನ ಅಡ್ಡರಸ್ತೆಗಳು. ಮನೆಗಳೆಲ್ಲ ಪಬ್ಬು, ಪೀಜಿ, ಸರ್ವೀಸ್ ಅಪಾರ್ಟ್‌ಮೆಂಟು. ರಾತ್ರಿ ಒಂದು ಗಂಟೆಗೆ ಟ್ರಾಲಿ ಸೂಟ್‌ಕೇಸಿನ ಗರಗರ ಸದ್ದು, ಗೇಟಿನ ಮುಂದೆ ಕಾರು. ದೂಪನಹಳ್ಳಿ, ಮೋತಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯದ ಸಣ್ಣ ಮನೆಗಳ ಬಾಡಿಗೆ ಏರಿ, ಅಲ್ಲಿದ್ದ ಎಷ್ಟೋ ಜನ ಕೆ.ಆರ್.ಪುರಂ ಆಚೆಗೆ ಹೋದರು. ನಿವಾಸಿಗಳ ಸಂಘಗಳು ಬೀದಿಗಿಳಿದವು, ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಅವರ ಸಿಟ್ಟು ನ್ಯಾಯವಾದದ್ದು, ನಾನೂ ಅವರ ಪಕ್ಷವೇ.

ಹಾಗಾದ್ರೆ ರೋವಾನಿಯೆಮಿಯವರ ಸಿಟ್ಟು? ಸುಮಾರು 65 ಸಾವಿರ ಜನರ ಊರು ಅದು. 2023ರಲ್ಲಿ ಪ್ರವಾಸಿಗರು ಅಲ್ಲಿ ಕಳೆದ ರಾತ್ರಿಗಳು 12 ಲಕ್ಷ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಜನ ಬೀದಿಗಿಳಿದರು. ಅವರ ಅಹವಾಲು ಏನು? ವಾಸದ ಮನೆಗಳೆಲ್ಲ ಹೋಟೆಲ್ ಆಗ್ತಿವೆ, ನಮಗೆ ಬಾಡಿಗೆಗೆ ಮನೆ ಸಿಗ್ತಿಲ್ಲ ಅಂತ. ನಮ್ಮ ಇಂದಿರಾನಗರದ ಕತೆಯೇ, ಹಿಮ ಬಿದ್ದಿರೋದೊಂದೇ ವ್ಯತ್ಯಾಸ! ನಾರ್ವೆಯವರು ಕಾನೂನೇ ತಂದರು. 2020ರಿಂದ ಅಲ್ಲಿನ ಹಂಚಿಕೆ ಒಡೆತನದ ಅಪಾರ್ಟ್‌ಮೆಂಟುಗಳಲ್ಲಿ ಇಡೀ ಫ್ಲಾಟನ್ನು ಅಲ್ಪಾವಧಿಗೆ ಬಾಡಿಗೆ ಕೊಡೋದು ವರ್ಷಕ್ಕೆ 90 ದಿನ ಮೀರುವಂತಿಲ್ಲ.

ನಮ್ಮ ಅಡ್ಡರಸ್ತೆಯಲ್ಲಿ ಸರ್ವೀಸ್ ಅಪಾರ್ಟ್‌ಮೆಂಟ್ ಬೇಡ ಅಂತ ಅರ್ಜಿಗೆ ಸಹಿ ಹಾಕಿದ ಕೈಯಲ್ಲೇ ಇನ್ನೊಬ್ಬರ ಅಡ್ಡರಸ್ತೆಯ ಫ್ಲಾಟು ಬುಕ್ ಮಾಡೋದು ಯಾವ ನ್ಯಾಯ?

"ನಾವೊಬ್ಬರು ಬಿಟ್ಟರೆ ಏನಾಗುತ್ತೆ?" ಅಂತೀರಾ. 12ನೇ ಮೇನಿಗೆ ಬರುವ ಪ್ರತಿಯೊಬ್ಬನೂ ಇದನ್ನೇ ಅಂತಾನೆ. "ಆ ಊರಿಗೆ ದುಡ್ಡು ಬರುತ್ತಲ್ಲ?" ಅಂತೀರಾ. ಬರುತ್ತೆ, ಬರಲಿ. ಪ್ರವಾಸಿಗರನ್ನು ನಂಬಿ ಬದುಕುವ ಮನೆಗಳು ಅಲ್ಲಿ ಬೇಕಾದಷ್ಟಿವೆ, ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ದೊಡ್ಡ ಹೋಟೆಲ್ ಸರಪಳಿಯ ಲಾಭವೂ ಊರಾಚೆಗೇ ಹೋಗುತ್ತೆ ಅನ್ನೋದನ್ನೂ ಒಪ್ತೀನಿ. ಆದ್ರೆ ಹೋಟೆಲು ಹೋಟೆಲಾಗೇ ಹುಟ್ಟಿದ್ದು. ಅದಕ್ಕಾಗಿ ಒಂದು ಸಂಸಾರ, ಒಬ್ಬ ವಿದ್ಯಾರ್ಥಿ, ಒಬ್ಬ ನರ್ಸ್ ಮನೆ ಖಾಲಿ ಮಾಡಬೇಕಾಗಿಲ್ಲ. 1809ರಲ್ಲಿ ಕಂಟೋನ್ಮೆಂಟ್ ಹುಟ್ಟಿದ್ದೇ ಹೊರಗಿನಿಂದ ಬಂದವರ ಅನುಕೂಲಕ್ಕೆ. ಬಂದವರ ಬೇಕು ಬೇಡಗಳಿಗೆ ತಕ್ಕಂತೆ ಊರು ಬದಲಾದರೆ ಏನಾಗುತ್ತೆ ಅಂತ ಇನ್ನೂರು ವರ್ಷದಿಂದ ಕಂಡವರು ನಾವು. ನಮಗೆ ಇದು ಬೇಗ ಅರ್ಥವಾಗಬೇಕಿತ್ತು.

ಹಾಗಾದ್ರೆ ಅನ್ನ ಸಾರಿಗೆ ಏನು ಮಾಡೋದು? ದಾರಿ ಇದೆ. ಹಂಚಿಕೊಳ್ಳುವ ಅಡುಗೆಮನೆಯ ಹಾಸ್ಟೆಲುಗಳಲ್ಲಿ ಕುಟುಂಬಕ್ಕೆ ಪ್ರತ್ಯೇಕ ಕೋಣೆ ಸಿಗುತ್ತೆ. ಕ್ಯಾಂಪಿಂಗ್ ಜಾಗಗಳಲ್ಲಿ ಒಲೆ, ಹೀಟರ್ ಇರುವ ಮರದ ಕ್ಯಾಬಿನ್ನುಗಳಿವೆ. ಮಾಲೀಕರು ತಾವೂ ಅಲ್ಲೇ ಇದ್ದು ಒಂದು ಕೋಣೆ ಕೊಡುವ ಮನೆಗಳಿವೆ. ಅಕ್ಕಿ, ಬೇಳೆ, ಸಾರಿನಪುಡಿ ಒಯ್ಯಿರಿ. ತುಪ್ಪ, ಪೇಡ ಮಾತ್ರ ಬೇಡ, ಹಾಲಿನ ಪದಾರ್ಥವನ್ನು ಐರೋಪ್ಯ ಒಕ್ಕೂಟದ ಒಳಗೆ ಬಿಡಲ್ಲ. ಚಳಿಯ ಭಯವೂ ಬೇಡ. ಅಲ್ಲಿ ಮನೆಯೊಳಗೆ ಇಪ್ಪತ್ತು ಡಿಗ್ರಿ ಬೆಚ್ಚಗಿರುತ್ತೆ, ಜನವರಿಯ ನಮ್ಮ ಮೊಸಾಯಿಕ್ ನೆಲವೇ ಹೆಚ್ಚು ಕೊರೆಯೋದು.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಮನೆಯ ಛಾವಣಿ ನೋಡೋದು ಬಿಟ್ಟು ಮನೆಯ ಮುಂದಿನ ದಾರಿ ನೋಡಿ. ಟ್ರೊಮ್ಸೋದಂಥ ಏರಿಳಿತದ ಊರಲ್ಲಿ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಫುಟ್‌ಪಾತು ಎಣ್ಣೆ ಸುರಿದ ಹಾಗಿರುತ್ತೆ. ಬಸ್ ಸ್ಟಾಪ್ ಎಷ್ಟು ದೂರ, ದಾರಿ ಇಳಿಜಾರೋ ಸಮತಟ್ಟೋ, ಮೆಟ್ಟಿಲಿಗೆ ಹಿಡಿಕೆ ಇದೆಯೋ ಅಂತ ಬರೆದು ಕೇಳಿ. ಶೂಗೆ ಹಾಕುವ ಮುಳ್ಳಿನ ಪಟ್ಟಿ ಅಲ್ಲೇ ಕೊಳ್ಳಿ. ಮಂಡಿ ಮುರಿದವರಿಗೆ ಯಾವ ಇಗ್ಲೂವೂ ಸಮಾಧಾನ ಕೊಡಲ್ಲ.

ಇಷ್ಟಾದ್ರೂ ದುಬಾರಿ ಅನ್ನಿಸಿದರೆ ನಮ್ಮ ಹಾನ್ಲೆ ಇದೆ. ಲಡಾಖಿನ ಆ ಹಳ್ಳಿಯಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ನಡೆಸೋದು ನಮ್ಮ ಕೆ.ಆರ್.ಪುರಂ ದಾಟಿದರೆ ಸಿಗುವ ಹೊಸಕೋಟೆಯಿಂದ, ಉಪಗ್ರಹದ ಮೂಲಕ. 2024ರ ಮೇ 10-11ರ ಸೌರ ಬಿರುಗಾಳಿಯಲ್ಲಿ ಹಾನ್ಲೆಯ ಆಕಾಶವೂ ಕೆಂಪಾಗಿತ್ತು. ಹಾಗಂತ ಅಲ್ಲಿ ಅರೋರಾ ದಿನಾ ಕಾಣಲ್ಲ, ಅದು ತೀರಾ ಅಪರೂಪ. ನಾನು ಹೇಳಹೊರಟಿದ್ದು ಬೇರೆ. ಅಲ್ಲಿ ಕತ್ತಲನ್ನೇ ಕಾಪಾಡುವ ಮೀಸಲು ಪ್ರದೇಶ ಮಾಡಿದಾಗ ಹಳ್ಳಿಯವರಿಗೇ ದೂರದರ್ಶಕ ಕೊಟ್ಟು, ನಕ್ಷತ್ರ ತೋರಿಸೋದು ಕಲಿಸಿದರು. ಬಂದವರು ಉಳಿಯೋದು ಅವರ ಮನೆಗಳಲ್ಲೇ, ಮನೆಯವರ ಜೊತೆಯಲ್ಲೇ. ಆತಿಥ್ಯ ಅಂದ್ರೆ ಅದು. ಮನೆಯವರನ್ನ ಹೊರಗೆ ಕಳಿಸಿ ಬೀಗದ ಕೈ ತಗೊಳ್ಳೋದಲ್ಲ.

ಗಾಜಿನ ಇಗ್ಲೂನಲ್ಲಿ ಮಲಗಿಯೇ ತೀರ್ತೀನಿ ಅನ್ನೋರಿಗೆ ನನ್ನ ಅಡ್ಡಿಯಿಲ್ಲ, ನಿಮ್ಮ ದುಡ್ಡು, ನಿಮ್ಮ ಬೆನ್ನು. ಆದ್ರೆ ಮಾರ್ಚಿನಲ್ಲಿ ಹೋಗಿ, ನಾಲ್ಕು ರಾತ್ರಿ ಒಂದೇ ಊರಲ್ಲಿ ಇದ್ದು, ಐದನೆಯದನ್ನ ಗಾಜಿಗೆ ಕೊಡಿ. ಆಗ ಮೋಡ ಕವಿದರೂ ಹೊಟ್ಟೆ ಉರಿಯಲ್ಲ. ಇನ್ನು ವಾಸದ ಫ್ಲಾಟಿನ ವಿಷಯದಲ್ಲಿ ಮಾತ್ರ ನಾನು ಜಗ್ಗಲ್ಲ. ನಮ್ಮ ಬೀದಿಗೆ ಬೇಡವಾದದ್ದನ್ನು ಇನ್ನೊಬ್ಬರ ಬೀದಿಗೆ ಮಾಡಬಾರದು.

ಏನಂತೀರಾ? ಒಪ್ಪದವರು ಜಗಳಕ್ಕೆ ಬನ್ನಿ. ಹೋಗಿ ಬಂದವರು ಯಾವ ಊರಲ್ಲಿ, ಯಾರ ಮನೆಯಲ್ಲಿ ಉಳಿದಿರಿ, ಎಷ್ಟು ರಾತ್ರಿ ಮೋಡ ಇತ್ತು ಅಂತ ಸುಳ್ಳು ಹೇಳದೆ ಬರೆಯಿರಿ. ಮೋಡದ ರಾತ್ರಿಗಳ ಬಗ್ಗೆ ಯಾರೂ ಬರೆಯಲ್ಲ, ಅದಕ್ಕೇ ಈ ಗಾಜಿನ ವ್ಯಾಪಾರ ಇಷ್ಟು ಜೋರಾಗಿ ನಡೀತಿರೋದು.